ತಲೆ ಮೇಲಿನ ಮಂಕರಿ ಇಳಿಯಿತು, ಮನುಷ್ಯ ಗುಂಡಿಗೆ ಇಳಿದ



ಬಿ.ಎ. ಪರೀಕ್ಷೆಯಲ್ಲಿ ನನಗೊಂದು ಪ್ರಶ್ನೆ ಬಿದ್ದಿತ್ತು. 'ಬೂಸಾ ಪ್ರಕರಣ: ಟಿಪ್ಪಣಿ ಬರೆಯಿರಿ. 5 ಅಂಕ.' ನಾನು ಐಚ್ಛಿಕ ಕನ್ನಡದ ವಿದ್ಯಾರ್ಥಿ. ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿದ್ದೆ. 1973ರ ನವೆಂಬರ್ 19, ಮೈಸೂರು, ಮಂತ್ರಿ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಮಾತು, ಗಲಾಟೆ, ರಾಜೀನಾಮೆ, ಅಲ್ಲಿಂದ ದಲಿತ ಚಳವಳಿ, ದಲಿತ ಸಾಹಿತ್ಯ. ಒಂದೂವರೆ ಪುಟ ಗೀಚಿದೆ. ಪಾಸಾದೆ. ಮರೆತೆ.

ಈಗ ನೆನಸಿಕೊಂಡರೆ ನಾಚಿಕೆಯಾಗುತ್ತೆ. ಆ ಒಂದೂವರೆ ಪುಟದಲ್ಲಿ ಎಲ್ಲ ಇತ್ತು. ಒಂದು ಮಂಕರಿ ಮಾತ್ರ ಇರಲಿಲ್ಲ.

ಯಾವ ಮಂಕರಿ? ಹೇಲಿನ ಮಂಕರಿ. ಮೂಗು ಮುಚ್ಚಿಕೊಳ್ಳಬೇಡಿ, ಓದಿ. ಈ ನಾಡಿನ ಪಟ್ಟಣಗಳಲ್ಲಿ ನಮ್ಮ ತಾಯಂದಿರ ತಲೆಯ ಮೇಲೆ ಕೂತಿದ್ದ ಮಂಕರಿ. ಅದನ್ನು ಇಳಿಸಿ ಅಂತ ಸರ್ಕಾರದ ಕಡೆಯಿಂದ ಹುಕುಂ ಹೊರಡಿಸಿದ ಮಂತ್ರಿ ಇದೇ ಬಸವಲಿಂಗಪ್ಪ. ಅದು ಪ್ರಶ್ನೆಪತ್ರಿಕೆಯಲ್ಲಿ ಬರಲಿಲ್ಲ. ಮೇಷ್ಟ್ರು ಹೇಳಲಿಲ್ಲ. ಗೈಡು ಬರೆದವನಿಗೆ ಬೇಕಾಗಿರಲಿಲ್ಲ. ಬೇರೆಯವರನ್ನು ಯಾಕೆ ಬೈಯಲಿ, ನಾವೇ ಕೇಳಲಿಲ್ಲ. ಒಬ್ಬ ಮನುಷ್ಯ ಆಡಿದ ಒಂದು ಮಾತನ್ನು ಐವತ್ತು ವರ್ಷ ಜಗಿದೆವು. ಅವನು ಮಾಡಿದ ಕೆಲಸವನ್ನು ಉಗಿದುಬಿಟ್ಟೆವು.

ಈ ಬರಹ ಆ ಕೆಲಸದ ಬಗ್ಗೆ. ಅದು ಅರ್ಧಕ್ಕೆ ನಿಂತಿರುವ ಬಗ್ಗೆ. ಅದನ್ನು ಅರ್ಧಕ್ಕೆ ಬಿಟ್ಟವರ ಬಗ್ಗೆ, ಅವರಲ್ಲಿ ನಾನೂ ಒಬ್ಬ ಅನ್ನುವುದರ ಬಗ್ಗೆ.

ಊರಿನ ಆರೋಗ್ಯ ಯಾರ ತಲೆ ಮೇಲಿತ್ತು

ನಮ್ಮ ಅಜ್ಜಿ ಹೇಳೋಳು. ಪಟ್ಟಣದ ದೊಡ್ಡ ಮನೆಗಳಿಗೆ ಎರಡು ದಾರಿ. ಮುಂದಿನ ದಾರಿ ದೇವರಿಗೆ, ನೆಂಟರಿಗೆ, ಮದುವೆ ದಿಬ್ಬಣಕ್ಕೆ. ಹಿಂದಿನ ಸಂದಿ ನಮಗೆ. ಆ ಸಂದಿಯಲ್ಲಿ ಪ್ರತಿ ಮನೆಯ ಹಿತ್ತಲ ಗೋಡೆಗೆ ಒಂದು ಕಿಂಡಿ. ಕಿಂಡಿಯೊಳಗೆ ಕೈ ಹಾಕಿ, ತಗಡಿನ ಚೂರಿನಿಂದ ಕೆರೆದು, ಬಾಚಿ, ಮಂಕರಿಗೋ ಡಬ್ಬಕ್ಕೋ ತುಂಬಬೇಕು. ತಲೆಯ ಮೇಲೆ ಸಿಂಬಿ ಇಟ್ಟು ಹೊರಬೇಕು. ಊರಾಚೆ ಸುರಿಯಬೇಕು. ಬೇಸಿಗೆಯಲ್ಲಿ ಹುಳ. ಮಳೆಗಾಲದಲ್ಲಿ ಮಂಕರಿ ಸೋರಿ ಕೆನ್ನೆ ಮೇಲೆ, ಕತ್ತಿನ ಮೇಲೆ, ಸೆರಗಿನ ಮೇಲೆ. ಆ ಕೈಯಲ್ಲೇ ಮಗುವಿಗೆ ಹಾಲೂಡಿಸಬೇಕು.

ಇದಕ್ಕೆ ಊರವರು ಇಟ್ಟ ಹೆಸರು 'ನೈರ್ಮಲ್ಯ'. ಊರಿಗೆ ಕಾಲರಾ ಬರಬಾರದು, ವಾಂತಿಭೇದಿ ಬರಬಾರದು, ನೊಣ ಕೂರಬಾರದು. ಒಟ್ಟಿನಲ್ಲಿ ಸಾರ್ವಜನಿಕರು ಸುರಕ್ಷಿತವಾಗಿರಬೇಕು. ಅದಕ್ಕಾಗಿ ಒಂದು ಜಾತಿಯ ಹೆಂಗಸರು ಕಾಲರಾವನ್ನು ತಲೆಯ ಮೇಲೆ ಹೊರಬೇಕು. ಇದು ಈ ದೇಶದ ಸಾರ್ವಜನಿಕ ಸುರಕ್ಷತೆಯ ಲೆಕ್ಕಾಚಾರ. ಆ 'ಸಾರ್ವಜನಿಕ'ದಲ್ಲಿ ಹೊರುವವಳು ಯಾವತ್ತೂ ಇರಲಿಲ್ಲ. ಅವಳು ಊರಿನ ಜನ ಅಲ್ಲ, ಊರಿನ ಚರಂಡಿ.

ಇದನ್ನು ಪುಣ್ಯದ ಕೆಲಸ ಅಂದವರೂ ಇದ್ದರು. ತಾಯಿ ಮಗುವಿನ ಹೇಲು ಬಾಚುವಂತೆ ಭಂಗಿ ಸಮಾಜದ ಹೇಲು ಬಾಚುತ್ತಾನೆ ಅಂತ ಹೊಗಳಿದವರು. ತಾಯಿಗೆ ಯಾರೂ ಹಿತ್ತಲ ಸಂದಿ ತೋರಿಸೋದಿಲ್ಲ, ಮುಟ್ಟಿದರೆ ಸ್ನಾನ ಮಾಡೋದಿಲ್ಲ, ಅನ್ನೋದು ಅವರ ನೆನಪಿಗೆ ಬರಲಿಲ್ಲ. ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುತ್ತಾ, ಈ ಹೊಗಳಿಕೆಯ ಬಣ್ಣ ಬಯಲು ಮಾಡಿದರು. ಹೊಗಳಿಕೆ ಹಗ್ಗಕ್ಕಿಂತ ಗಟ್ಟಿ. ಹಗ್ಗ ಹಾಕಿ ಕಟ್ಟಿದರೆ ಬಿಡಿಸಿಕೊಳ್ಳಬಹುದು. ಪುಣ್ಯ ಹೇಳಿ ಕಟ್ಟಿದರೆ ಕಟ್ಟಿಸಿಕೊಂಡವನೇ ಕೈ ಮುಗಿಯುತ್ತಾನೆ.

ಅಂಬೇಡ್ಕರ್ ಓದಿದ ಒಬ್ಬ ಶಾಸಕ

ಬಸವಲಿಂಗಪ್ಪ 1924ರಲ್ಲಿ ಹುಟ್ಟಿದವರು. ಕಾನೂನು ಓದಿ ವಕೀಲರಾದವರು. ಅಂಬೇಡ್ಕರರ ವಿಚಾರವನ್ನು ತಲೆಗೆ ಹಚ್ಚಿಕೊಂಡು ವಿಧಾನಸಭೆಗೆ ಹೋದವರು. ಯಲಹಂಕ ಮೀಸಲು ಕ್ಷೇತ್ರದಿಂದ ಗೆದ್ದು ಬಂದವರು. 1972ರ ಮಾರ್ಚಿನಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದಾಗ ಇವರು ಸಂಪುಟಕ್ಕೆ ಬಂದರು. ಸಿಕ್ಕಿದ್ದು ಪೌರಾಡಳಿತ. ದಲಿತರಿಗೆ ಖಾತೆ ಕೊಡುವಾಗ ಊರಿನ ಕಸ, ಚರಂಡಿ ಕೊಡುವುದು ರೂಢಿ ಇರಬಹುದು. ಆದರೆ ಇವರು ಆ ಖಾತೆಯನ್ನು ಬೇರೆ ಥರ ಓದಿದರು. ಪುರಸಭೆ ಅಂದರೆ ಏನು? ದೀಪ, ನೀರು, ರಸ್ತೆ, ಚರಂಡಿ. ಇವೆಲ್ಲದರ ಕೆಳಗೆ ಏನಿದೆ? ನಮ್ಮವರ ತಲೆ. ಮೊದಲು ಅದನ್ನು ಬಿಡಿಸಬೇಕು.

ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕು ಎಂದು ಅವರು ಆದೇಶ ಮಾಡಿದರು. ಗಮನಿಸಿ, ಅವರು ಪೌರಾಡಳಿತ ಮಂತ್ರಿಯಾಗಿದ್ದದ್ದು ಎರಡು ವರ್ಷವೂ ಇಲ್ಲ. 1972ರ ಮಾರ್ಚಿನಿಂದ 1973ರ ಡಿಸೆಂಬರ್. ಅಷ್ಟರಲ್ಲಿ ಈ ಕೆಲಸ. ದೆಹಲಿಯ ಪಾರ್ಲಿಮೆಂಟಿಗೆ ಇದೇ ಬುದ್ಧಿ ಬಂದು ಒಂದು ಕಾನೂನು ಮಾಡಿದ್ದು 1993ರಲ್ಲಿ. ಅದು ಜಾರಿಗೆ ಬಂದದ್ದು 1997ರ ಜನವರಿ 26ಕ್ಕೆ. ಲೆಕ್ಕ ಹಾಕಿ. ಹತ್ತಿರ ಹತ್ತಿರ ಕಾಲು ಶತಮಾನ ಮೊದಲು ಕರ್ನಾಟಕದ ಒಬ್ಬ ಹೊಲೆಯರ ಹುಡುಗ ಮಾಡಿದ್ದು, ದೇಶಕ್ಕೆ ಆಮೇಲೆ ಹೊಳೆಯಿತು.

ಇಂಥ ಆದೇಶ ಬಂದಾಗ ಊರು ಕೇಳುವ ಪ್ರಶ್ನೆ ಒಂದೇ. 'ಹಾಗಾದರೆ ಯಾರು ಎತ್ತುತ್ತಾರೆ?' 'ಯಾಕೆ ಹೊರಬೇಕು' ಅಂತ ಯಾರೂ ಕೇಳುವುದಿಲ್ಲ. ಬಸವಲಿಂಗಪ್ಪ ಆ ಎರಡನೇ ಪ್ರಶ್ನೆಯನ್ನು ಸರ್ಕಾರದ ಮೊಹರು ಹಾಕಿ ಕೇಳಿದರು. ಮನೆಯಲ್ಲಿರುವ ದೇವರ ಪಟಗಳನ್ನು ಮೋರಿಗೆ ಎಸೆಯಿರಿ ಅಂತಲೂ ದಲಿತರಿಗೆ ಹೇಳಿದರು. ಊರು ಉರಿಯದೆ ಇರುತ್ತದೆಯೇ? ಹೇಲು ಹೊರುವವರು ಮಂಕರಿ ಇಳಿಸಬೇಕಂತೆ, ದೇವರನ್ನು ಮೋರಿಗೆ ಹಾಕಬೇಕಂತೆ! ಒಳಗೊಳಗೇ ಕುದಿಯುತ್ತಿದ್ದ ಸಿಟ್ಟಿಗೆ ಒಂದು ನೆಪ ಬೇಕಾಗಿತ್ತು. ಆ ನೆಪ ಬೂಸಾ.

ಬೂಸಾ ಅಂದದ್ದಕ್ಕೆ ಅಷ್ಟು ನೋವೇ?

ಬೂಸಾ ಅಂದರೆ ದನದ ಮೇವು. ಹಳ್ಳಿಯ ಹುಡುಗರಿಗೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಬಂದದ್ದರಲ್ಲಿ ಬಹುಪಾಲು ಬೂಸಾ, ಲೋಕ ತಿಳಿಯಬೇಕಾದರೆ ಇಂಗ್ಲಿಷ್ ಕಲಿಯಿರಿ ಅಂತ ಹೇಳಿದ್ದಕ್ಕೆ ರಾಜ್ಯದ ಕಾಲೇಜುಗಳೆಲ್ಲ ಬೀದಿಗೆ ಬಂದವು. ರಾಜೀನಾಮೆ ಕೊಡು ಅಂದವು. ದಲಿತ ಹುಡುಗರಿದ್ದ ಹಾಸ್ಟೆಲುಗಳಿಗೆ ಕಲ್ಲು ಬಿತ್ತು. ಮಂತ್ರಿ ಪರವಾಗಿ ಬಾಯಿ ತೆರೆದವರಿಗೆ ಏಟು ಬಿತ್ತು. ಕುವೆಂಪು ಅಂಥವರು ಬಸವಲಿಂಗಪ್ಪನವರ ಬೆಂಬಲಕ್ಕೆ ನಿಂತರು. ಆದರೂ ಡಿಸೆಂಬರಿನಲ್ಲಿ ರಾಜೀನಾಮೆ ಕೊಡಿಸಿಯೇ ಬಿಟ್ಟರು.

ನಾನು ಕವಿತೆ ಬರೆಯುವವನು. ಕನ್ನಡವೇ ನನ್ನ ಅನ್ನ. ಬಸವಲಿಂಗಪ್ಪನವರ ಆ ಮಾತನ್ನು ಪೂರ್ತಿ ಒಪ್ಪುವುದು ನನ್ನಿಂದ ಆಗುವುದಿಲ್ಲ. ವಚನಕಾರರಿದ್ದಾರೆ, ನಮ್ಮ ಹಟ್ಟಿಯ ಹಾಡುಗಾರ್ತಿಯರಿದ್ದಾರೆ, ಅವರನ್ನು ಹೇಗೆ ಮೇವು ಅನ್ನಲಿ? ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ತಾಯಂದಿರ ತಲೆಯ ಮೇಲೆ ಮಂಕರಿ ಇದ್ದಾಗ ಈ ಸಾಹಿತ್ಯ ಏನು ನೋಡುತ್ತಿತ್ತು? ಮುಂಬಾಗಿಲಲ್ಲಿ ನಿಂತು ಚಂದ್ರನನ್ನು ನೋಡುತ್ತಿತ್ತು. ಹಿತ್ತಲ ಸಂದಿಗೆ ಅದು ಯಾವಾಗ ಬಂತು? ಹೇಲು ಹೊರಿಸಿದ್ದಕ್ಕೆ ಒಂದು ಕಾಲೇಜೂ ಬೀದಿಗೆ ಬರಲಿಲ್ಲ. ಬೂಸಾ ಅಂದದ್ದಕ್ಕೆ ಎಲ್ಲ ಬಂದವು. ತಲೆಯ ಮೇಲೆ ಮಲ ಇದ್ದರೆ ಕನ್ನಡಕ್ಕೆ ಅವಮಾನವಿಲ್ಲ, ಪುಸ್ತಕದ ಮೇಲೆ ಮಾತು ಬಿದ್ದರೆ ಅವಮಾನ!

ಅದಕ್ಕೇ ಹೇಳುತ್ತೇನೆ, ಮಾತನ್ನೂ ಆದೇಶವನ್ನೂ ಜೊತೆಗಿಟ್ಟು ಓದಬೇಕು. ಯಾರೋ ಸುಮ್ಮನೆ ಕೂತವನು ಬೂಸಾ ಅಂದಿದ್ದರೆ ಅದು ಬರೀ ಬೈಗುಳ. ಮಂಕರಿ ಇಳಿಸಿದವನು ಅಂದದ್ದರಿಂದ ಅದು ಪ್ರಶ್ನೆ. ನಿಮ್ಮ ಬರಹ ಯಾರ ತಲೆಯಿಂದ ಏನನ್ನು ಇಳಿಸಿತು ಅನ್ನೋ ಪ್ರಶ್ನೆ.

ಅಲ್ಲಿಗೆ ಅವರು ಮುಗಿದುಹೋದರು ಅಂತ ಬಹಳ ಜನ ಅಂದುಕೊಂಡಿದ್ದರು. ಮುಗಿಯಲಿಲ್ಲ. ಮತ್ತೆ ಮಂತ್ರಿಯಾದರು, ಕಂದಾಯ ಖಾತೆ ನೋಡಿದರು. ನಮ್ಮವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸಾಲದ ನೆಪ ಹೇಳಿ, ಹೆಂಡ ಕುಡಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೊಡೆಯುತ್ತಿದ್ದವರಿಗೆ ಬೇಲಿ ಹಾಕಿದ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅವರ ಕಾಲದ್ದು. ಇವತ್ತಿಗೂ ನಮ್ಮವರು ಎ.ಸಿ. ಕೋರ್ಟಿನ ಮೆಟ್ಟಿಲಲ್ಲಿ ಹಿಡಿದು ಕೂರುವ ಕಾಯ್ದೆ ಅದೇ. 1992ರಲ್ಲಿ ಅವರು ತೀರಿಕೊಂಡರು.

ಅವರನ್ನು ದೇವರು ಮಾಡುವುದು ಬೇಡ. ದೇವರ ಪಟ ಎಸೆಯಿರಿ ಅಂದವರಿಗೇ ಪಟ ಕಟ್ಟಿದರೆ ಅವರೇ ನಗುತ್ತಾರೆ. ಅವರು ಆಳುವ ಪಕ್ಷದೊಳಗೇ ಇದ್ದರು, ಅದರ ಮಿತಿ ಅವರ ಮಿತಿಯೂ ಆಯಿತು. ಆದೇಶ ಹೊರಟಿತು, ಎಲ್ಲ ಕಡೆ ಕಕ್ಕಸು ಒಡೆಯಲಿಲ್ಲ. ಮಂಕರಿ ಇಳಿದ ಕೈಗೆ ಬೇರೆ ಕೆಲಸ ಸಿಗಲಿಲ್ಲ. 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ಇರುವ ಜಾಗದಿಂದ ಎಬ್ಬಿಸಲು ಹೊರಟಿದ್ದರು, ನೀರಿಗೂ ಕಷ್ಟವಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ತಲೆಯಿಂದ ಇಳಿಸಿ ಅಂತ ಆದೇಶವಾಗಿ ಮೂವತ್ತೇಳು ವರ್ಷದ ಮೇಲೆ, ತಾವಾಗಿ ತಲೆಯ ಮೇಲೆ ಸುರಿದುಕೊಂಡರೆ ಮಾತ್ರ ಈ ರಾಜ್ಯ ತಿರುಗಿ ನೋಡಿತು.

ಗುಂಡಿಯ ಲೆಕ್ಕ

ಈಗ ನೀವು ಹೇಳಬಹುದು, 'ಅಣ್ಣ, ಅದೆಲ್ಲ ಹಳೇ ಕಥೆ. ಈಗ ಮಂಕರಿ ಎಲ್ಲಿದೆ? ಎಲ್ಲ ಕಡೆ ಫ್ಲಶ್ ಬಂದಿದೆಯಲ್ಲ?'

ಹೌದು ತಮ್ಮ, ಫ್ಲಶ್ ಬಂದಿದೆ. ಗುಂಡಿ ಒತ್ತಿದರೆ ಹೇಲು ಕಣ್ಣಿಂದ ಮರೆಯಾಗುತ್ತೆ. ಎಲ್ಲಿಗೆ ಹೋಗುತ್ತೆ? ಪಿಟ್ಟಿಗೆ, ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿಗೆ. ಅದು ಕಟ್ಟಿಕೊಂಡಾಗ? ಅವಾಗ ಮನುಷ್ಯ ಬೇಕು. ಮೊದಲು ಹೇಲು ಮನುಷ್ಯನ ಮೇಲಿತ್ತು. ಈಗ ಮನುಷ್ಯ ಹೇಲಿನ ಒಳಗಿದ್ದಾನೆ. ಮಂಕರಿ ಹೊತ್ತವಳು ಸಂಜೆ ಮನೆಗೆ ಬರುತ್ತಿದ್ದಳು. ಗುಂಡಿಗೆ ಇಳಿದವನು ಬರುತ್ತಾನೆ ಅನ್ನೋ ಗ್ಯಾರಂಟಿ ಇಲ್ಲ.

ಹೇಗೆ ಸಾಯುತ್ತಾರೆ ಅಂತ ತಿಳಿದುಕೊಳ್ಳಿ. ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಮುಚ್ಚಿದ ಗುಂಡಿಯಲ್ಲಿ ಹೊಲಸು ಕೊಳೆತು ವಿಷಗಾಳಿ ಹುಟ್ಟುತ್ತದೆ. ಹೈಡ್ರೋಜನ್ ಸಲ್ಫೈಡ್, ಮೀಥೇನ್. ಉಸಿರಿಗೆ ಬೇಕಾದ ಆಮ್ಲಜನಕ ಕಡಿಮೆಯಾಗಿರುತ್ತದೆ. ಹೈಡ್ರೋಜನ್ ಸಲ್ಫೈಡು ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಅದು ಮೊದಲು ಕೊಲ್ಲುವುದು ಮೂಗನ್ನು. ವಾಸನೆಯೇ ಗೊತ್ತಾಗುವುದಿಲ್ಲ. 'ವಾಸನೆ ಹೋಯಿತು, ಇನ್ನೇನೂ ಭಯ ಇಲ್ಲ' ಅಂದುಕೊಂಡು ಇನ್ನೊಂದು ಮೆಟ್ಟಿಲು ಇಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಮೇಲಿದ್ದ ಜೊತೆಗಾರ ಅವನನ್ನು ಎತ್ತಲು ಇಳಿಯುತ್ತಾನೆ. ಅವನೂ ಕುಸಿಯುತ್ತಾನೆ. ಅದಕ್ಕೇ ಗುಂಡಿಯ ಸಾವುಗಳು ಎಷ್ಟೋ ಸಲ ಒಂಟಿಯಾಗಿ ಬರುವುದಿಲ್ಲ. 2011ರಲ್ಲಿ ಕೋಲಾರದ ಚಿನ್ನದ ಗಣಿ ಊರಿನಲ್ಲಿ ಗುಂಡಿ ಸ್ವಚ್ಛ ಮಾಡಲು ಹೋಗಿ ಮೂವರು ಸತ್ತರು. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿನಲ್ಲಿ ಮೂವರು. ನೆಲದೊಳಗಿಂದ ಚಿನ್ನ ತೆಗೆದ ಊರಲ್ಲೂ, ಕಂಪ್ಯೂಟರಿನ ಊರಲ್ಲೂ ಅದೇ ಹಗ್ಗ, ಅದೇ ಬಕೆಟ್ಟು.

ಕಾನೂನು ಇಲ್ಲವೇ? ಇದೆ. 2013ರ ಕಾಯ್ದೆ ಆ ವರ್ಷದ ಡಿಸೆಂಬರ್ 6ರಂದು, ಬಾಬಾಸಾಹೇಬರ ಪರಿನಿಬ್ಬಾಣದ ದಿನವೇ ಜಾರಿಗೆ ಬಂತು. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಅಪಾಯದ ರೀತಿಯಲ್ಲಿ ಇಳಿಸಬಾರದು. ಇಳಿಸಿದವನಿಗೆ ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಆ ಕಾಯ್ದೆಯ ಒಳಗೇ ಒಂದು ಕಿಂಡಿ ಇದೆ, ಹಿತ್ತಲ ಗೋಡೆಯ ಕಿಂಡಿಯ ಹಾಗೆ. ರಕ್ಷಣಾ ಸಲಕರಣೆ ಕೊಟ್ಟು, ಎಚ್ಚರಿಕೆ ವಹಿಸಿ ಇಳಿಸಿದರೆ ಅದು 'ಅಪಾಯಕಾರಿ ಸ್ವಚ್ಛತೆ' ಅಲ್ಲವಂತೆ. ಅಂದರೆ ಗುಂಡಿ ಇರಲಿ, ಇಳಿಯುವ ಜಾತಿಯೂ ಇರಲಿ, ಕೈಗೊಂದು ಗ್ಲೌಸು ಇರಲಿ!

ಮಾತಿನ ಆಟ ಇನ್ನೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಹೇಳಿತು, ಹಿಂದಿನ ಐದು ವರ್ಷದಲ್ಲಿ ಮಲ ಹೊರುವ ಕೆಲಸದಿಂದ ಸತ್ತ ವರದಿಯೇ ಇಲ್ಲ ಅಂತ. ಹಾಗಾದರೆ ಗುಂಡಿಯಲ್ಲಿ ಸತ್ತವರು? ಅದು ಬೇರೆ ಪಟ್ಟಿಯಂತೆ. ಸತ್ತವನ ಹೆಂಡತಿಗೆ ಹೇಳಿ ನೋಡಿ: 'ತಾಯಿ, ನಿನ್ನ ಗಂಡ ಮಲ ಬಾಚಿ ಸತ್ತಿಲ್ಲ, ಒಳಚರಂಡಿ ಸ್ವಚ್ಛ ಮಾಡಿ ಸತ್ತಿದ್ದಾನೆ, ದುಃಖಪಡಬೇಡ.' ಬೂಸಾ ಅನ್ನುವ ಪದಕ್ಕೆ ಅರ್ಥ ಹುಡುಕುವವರು ಇಲ್ಲಿ ಹುಡುಕಲಿ.

ಹಾಸ್ಟೆಲಿನ ಹಿಂದಿನ ಗುಂಡಿ

ಇನ್ನು ನನ್ನ ಕಥೆ. ಹೇಳದೆ ಬಿಟ್ಟರೆ ಈ ಬರಹವೂ ಬೂಸಾ.

ನಾನು ಬಿ.ಎ. ಕೊನೆ ವರ್ಷದಲ್ಲಿದ್ದೆ. ಒಂದು ತಾಲೂಕು ಊರಿನ ಹಾಸ್ಟೆಲು. ನಮ್ಮವರದೇ ಹುಡುಗರು. ಗೋಡೆ ಮೇಲೆ ಬಾಬಾಸಾಹೇಬರ ಪಟ. ಮಳೆಗಾಲ. ಕಕ್ಕಸಿನ ಪಿಟ್ಟು ತುಂಬಿ ಬಚ್ಚಲಿನಲ್ಲೆಲ್ಲ ಉಕ್ಕಿತು. ನಾವು ಹುಡುಗರು ವಾರ್ಡನ್ ರೂಮಿಗೆ ಮುತ್ತಿಗೆ ಹಾಕಿದೆವು. 'ಧಿಕ್ಕಾರ' ಕೂಗಿದೆವು. ಮೂಲಸೌಕರ್ಯ ನಮ್ಮ ಹಕ್ಕು ಅಂದೆವು. ಘೋಷಣೆ ಬರೆದವನು ನಾನೇ.

ಮಾರನೇ ದಿನ ಬೆಳಗ್ಗೆ ನಮ್ಮ ಹೋರಾಟಕ್ಕೆ ಜಯ ಸಿಕ್ಕಿತು. ಜಯ ಒಂದು ಬಕೆಟ್ಟು, ಒಂದು ಹಗ್ಗ ಹಿಡಿದುಕೊಂಡು ಹಿಂದಿನ ಗೇಟಿನಿಂದ ಬಂತು. ಇಬ್ಬರು. ಅವರಲ್ಲಿ ಒಬ್ಬರು ವಯಸ್ಸಾದ ಯಜಮಾನರು. ಚಪ್ಪಡಿ ಎತ್ತಿದರು. ಸ್ವಲ್ಪ ಹೊತ್ತು ಗಾಳಿಯಾಡಲಿ ಅಂತ ಬಿಟ್ಟರು. ಸೊಂಟದಿಂದ ಪ್ಯಾಕೆಟ್ಟು ತೆಗೆದು ಬಾಯಿಗೆ ಸುರಿದುಕೊಂಡರು. ಕುಡಿಯದೆ ಆ ಕೆಲಸ ಮಾಡಲು ಯಾವ ಗಂಡಸಿನ ಕೈಲಾಗುತ್ತೆ? ಅಂಗಿ ಬಿಚ್ಚಿ ಚಡ್ಡಿಯಲ್ಲಿ ಇಳಿದರು. ಎದೆಮಟ್ಟ.

ನಾವು ಮಹಡಿ ಮೇಲೆ ನಿಂತು ನೋಡುತ್ತಿದ್ದೆವು. ಮೂಗಿಗೆ ಕರ್ಚೀಪು.

ಕೆಲಸ ಮುಗಿಸಿ ಮೇಲೆ ಬಂದು ನಲ್ಲಿಯ ಹತ್ತಿರ ಮೈ ತೊಳೆಯುವಾಗ ನಾನು ಆ ಕಡೆ ಹೋದೆ. ಅವರು ನನ್ನ ಮುಖ ನೋಡಿದರು. 'ಯಾವೂರು ಮಗ ನಿಂದು? ನಿಮ್ಮಪ್ಪನ ಹೆಸರೇನು? ಎಲ್ಲೋ ನೋಡ್ದಂಗೈತಲ್ಲ ಮುಖ?' ಅಂದರು. ನನ್ನ ಹಿಂದೆ ಇಬ್ಬರು ಜೂನಿಯರ್ ಹುಡುಗರು ನಿಂತಿದ್ದರು. ನಾನು ಬೇರೆ ಊರಿನ ಹೆಸರು ಹೇಳಿದೆ. ಅಪ್ಪನ ಹೆಸರನ್ನೂ ಬೇರೆ ಹೇಳಿದೆ. 'ಅಂಗಾದ್ರೆ ಬೇರೆ ಬುಡು ಮಗ' ಅಂದರು. ಕುಡಿಯಲು ನೀರು ಕೇಳಿದರು. ಯಾರೋ ಬಚ್ಚಲಿನ ಚೊಂಬಿನಲ್ಲಿ ಕೊಟ್ಟರು. ಊಟದ ಮನೆಯಲ್ಲಿ ಐವತ್ತು ಸ್ಟೀಲ್ ಲೋಟ ಇದ್ದವು.

ಕೇಳಿ ಗೆಳೆಯರೇ. ಅಲ್ಲಿ ಒಬ್ಬನೂ ಮೇಲ್ಜಾತಿಯವನಿರಲಿಲ್ಲ. ಜುಟ್ಟು ಜನಿವಾರ ಇರಲಿಲ್ಲ. ಮನು ಇರಲಿಲ್ಲ. ನಾವೇ ಇದ್ದೆವು. ಪುಸ್ತಕ ಓದಿದ ನಾವು. ಆ ರಾತ್ರಿ ನಾನು ಅದರ ಮೇಲೆ ಕವಿತೆ ಬರೆದೆ. ಒಂದು ಕವಿಗೋಷ್ಠಿಯಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಆ ಯಜಮಾನರ ಹೆಸರು ನಾನು ಕೇಳಿಯೇ ಇರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಅವತ್ತು ಅವರು ಆ ಗುಂಡಿಯಲ್ಲಿ ಕುಸಿದಿದ್ದರೆ? ಕವಿತೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಅಷ್ಟೇ.

ಬಸವಲಿಂಗಪ್ಪ ಐವತ್ತು ವರ್ಷದ ಹಿಂದೆ ಆಡಿದ ಮಾತು ನನಗೆ ಅರ್ಥವಾದದ್ದು ಆ ಚಪ್ಪಾಳೆಯ ಮಧ್ಯೆ. ಬೂಸಾ ಬರೆಯುವುದಕ್ಕೆ ಮೇಲ್ಜಾತಿಯೇ ಆಗಬೇಕಾಗಿಲ್ಲ.

ಮೂವತ್ತಾರು ಜನ ಏನು ಮಾಡುತ್ತಿದ್ದಾರೆ?

ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಒಬ್ಬ ಬಸವಲಿಂಗಪ್ಪ ಎರಡು ವರ್ಷದೊಳಗೆ ಮಂಕರಿಗೆ ಕೈ ಹಾಕಿದರು. ಮೂವತ್ತಾರು ಜನ ಸೇರಿದರೆ ಒಂದು ಗುಂಡಿ ಮುಚ್ಚಲಾಗುವುದಿಲ್ಲವೇ?

ಇವರ ಸಮಾಜಸೇವೆಯ ಪಟ್ಟಿ ಫ್ಲೆಕ್ಸಿನಲ್ಲಿ ಓದಿ. ಕಮಾನು, ಸಮುದಾಯ ಭವನ, ಬಸ್ಸಿನ ತಂಗುದಾಣ, ಜಾತ್ರೆಯಲ್ಲಿ ಅನ್ನದಾನ. ಸಾರ್ವಜನಿಕ ಸುರಕ್ಷತೆ ಅಂದರೆ ಸಿ.ಸಿ. ಕ್ಯಾಮರಾ, ಪೊಲೀಸ್ ಚೌಕಿ, ಬೀದಿದೀಪ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದೇ ಬೀದಿದೀಪದ ಬುಡದಲ್ಲಿ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಒಬ್ಬ ಇಳಿಯುತ್ತಾನಲ್ಲ, ಅವನು ಸಾರ್ವಜನಿಕನೋ ಅಲ್ಲವೋ? ಕಾರಿನ ಚಕ್ರ ಆ ಗುಂಡಿಗೆ ಬಿದ್ದರೆ ಶಾಸಕರು ಸ್ಥಳಕ್ಕೆ ಧಾವಿಸುತ್ತಾರೆ. ಮನುಷ್ಯ ಇಳಿದರೆ ಕೆಲಸ ಸುಸೂತ್ರವಾಗಿ ನಡೆಯುತ್ತಿದೆ ಅಂತ ಅರ್ಥ.

ಸತ್ತಮೇಲೆ ನಡೆಯುವ ನಾಟಕವೂ ನಿಮಗೆ ಗೊತ್ತು. ಕಚೇರಿ ಹೇಳುತ್ತೆ: ಕೆಲಸ ಕಂಟ್ರಾಕ್ಟರಿಗೆ ಕೊಟ್ಟಿದ್ದೆವು. ಕಂಟ್ರಾಕ್ಟರ್ ಹೇಳುತ್ತಾನೆ: ಅವನು ನಮ್ಮ ಆಳಲ್ಲ, ಮೇಸ್ತ್ರಿ ಕರೆದುಕೊಂಡು ಬಂದವನು. ಮೇಸ್ತ್ರಿ ಫೋನ್ ಸ್ವಿಚ್ ಆಫ್. ಬದುಕಿದ್ದಾಗ ಅವನ ಜಾತಿ ಎಲ್ಲರಿಗೂ ಗೊತ್ತಿತ್ತು. ಸತ್ತಮೇಲೆ ಅವನು ಯಾರ ಆಳು ಅಂತ ಯಾರಿಗೂ ಗೊತ್ತಿಲ್ಲ.

ಮಿಷನ್ನಿಲ್ಲವೇ? ಇದೆ. ಹೀರುವ ಗಾಡಿ ಇದೆ, ನೀರು ರಭಸದಿಂದ ಹೊಡೆದು ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿ ಇದೆ. ಪಕ್ಕದ ಕೇರಳದಲ್ಲಿ 2018ರಲ್ಲೇ ಗುಂಡಿಗೆ ಇಳಿಯುವ ಯಂತ್ರಮಾನವನನ್ನು ತಯಾರು ಮಾಡಿ ಕೆಲಸಕ್ಕೆ ಹಚ್ಚಿದರು. ಚಂದ್ರನ ಮೇಲೆ ಗಾಡಿ ಓಡಿಸಿದ ದೇಶ ಇದು. ಹತ್ತಡಿ ಗುಂಡಿಗೆ ಮಿಷನ್ ಇಳಿಸಲು ದುಡ್ಡಿಲ್ಲ, ಸಂದಿ ಕಿರಿದು, ಗಾಡಿ ಬರಲ್ಲ ಅನ್ನುತ್ತಾರೆ. ನಿಜ ಏನು ಗೊತ್ತೇ? ಮಿಷನ್ನಿಗಿಂತ ನಮ್ಮ ಹುಡುಗ ಅಗ್ಗ.

ಇಲ್ಲಿ ಒಂದು ಎಚ್ಚರಿಕೆ. ಮಿಷನ್ ಕೊಳ್ಳಲು ಪರಿಶಿಷ್ಟರ ಉಪಯೋಜನೆಯ ಹಣ ಬಳಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. 2013ರ ಕಾಯ್ದೆ ಮಾಡಿ ಆ ಹಣವನ್ನು ನಮ್ಮ ಏಳಿಗೆಗೆ ಅಂತ ಕಟ್ಟಿಟ್ಟಿದ್ದಾರೆ. ಊರಿನ ಹೇಲಿಗೆ ಊರಿನ ತೆರಿಗೆಯೇ ಹೋಗಲಿ. ಹೇಲು ಊರೆಲ್ಲರದು, ಖರ್ಚು ಮಾತ್ರ ಹೊಲಗೇರಿಯದೇ?

ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ಪೌರಕಾರ್ಮಿಕರ ಬದುಕು ನೋಡಿ ವರದಿ ಕೊಟ್ಟಿತ್ತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಲಿ ಎಂದಿತ್ತು. ಆಮೇಲೆ ಲೆಕ್ಕವನ್ನು 700ಕ್ಕೆ ಒಬ್ಬ ಅಂತ ಎಳೆದರು. ಕಾಗದದ ಮೇಲೆ ಇನ್ನೂರು ಜನರ ಕಸ ಹೆಚ್ಚಾಯಿತು, ಒಬ್ಬ ಮನುಷ್ಯನ ಬೆನ್ನು ಬಗ್ಗಿತು. ಈ ವರದಿ ಓದಿರುವ ಮೀಸಲು ಶಾಸಕರು ಎಷ್ಟು ಜನ? ನಿಮ್ಮೂರಿಗೆ ಬಂದಾಗ ಕೇಳಿ ನೋಡಿ.

ಹಾಗಾದರೆ ನಾವು ಏನು ಮಾಡಬೇಕು?

ಮೊದಲು ನಮ್ಮ ಹಾಸ್ಟೆಲಿನ ಹಿಂದಕ್ಕೆ ಹೋಗಬೇಕು. ಪಿಟ್ಟು ಎಲ್ಲಿದೆ, ಯಾರು ಬಂದು ತೆಗೆಯುತ್ತಾರೆ, ಹೇಗೆ ತೆಗೆಯುತ್ತಾರೆ, ಕಣ್ಣಾರೆ ನೋಡಿ ಬರೆದಿಡಬೇಕು. 'ಈ ಹಾಸ್ಟೆಲಿನ ಗುಂಡಿಗೆ ಮನುಷ್ಯರನ್ನು ಇಳಿಸಕೂಡದು, ಹೀರುವ ಗಾಡಿಯನ್ನೇ ಕರೆಸಬೇಕು' ಅಂತ ಎಲ್ಲರೂ ಸಹಿ ಹಾಕಿ ವಾರ್ಡನ್ ಕೈಗೆ, ತಾಲೂಕು ಅಧಿಕಾರಿಯ ಕೈಗೆ ಕೊಡಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಬೇಕು. ಗಾಡಿ ಬರುವ ತನಕ ಕಕ್ಕಸು ಉಕ್ಕಲಿ. ಸಹಿಸೋಣ. ನಮ್ಮ ತಾಯಂದಿರು ಸಹಿಸಿದ್ದರಲ್ಲಿ ಅದು ಒಂದು ಪಾಲೂ ಅಲ್ಲ.

ಎರಡನೆಯದು, ಯಾರಾದರೂ ಇಳಿಯುವುದು ಕಂಡರೆ ಮೂಗು ಮುಚ್ಚಿಕೊಂಡು ದಾಟಬೇಡಿ. ನಿಲ್ಲಿಸಿ. ಇಳಿಯುವವನ ಮೇಲೆ ರೇಗಬೇಡಿ, ಇಳಿಸುವವನನ್ನು ಕೇಳಿ. ಅಕಸ್ಮಾತ್ ಒಬ್ಬ ಒಳಗೆ ಕುಸಿದರೆ ಆವೇಶದಲ್ಲಿ ನೀವು ಹಾರಬೇಡಿ. ನೀವೂ ಸಾಯುತ್ತೀರಿ. ಅಗ್ನಿಶಾಮಕದವರನ್ನು ಕರೆಯಿರಿ.

ಮೂರನೆಯದು, ಕಾನೂನು ತಿಳಿದಿರಿ. ನಮ್ಮವರಿಂದ ಮಲ ಬಾಚಿಸುವುದು 2016ರಿಂದ ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ. ಗುಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಹೇಳಿತ್ತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ಕೈಕಾಲು ಹೋಗಿ ಶಾಶ್ವತ ಅಂಗವಿಕಲರಾದರೆ ಕಡಿಮೆಯೆಂದರೂ 20 ಲಕ್ಷ. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಸ್ವಚ್ಛ ಮಾಡಿಸುವುದು ನಿಲ್ಲಬೇಕು ಎಂದಿತು. ಸತ್ತವರ ಮನೆಗೆ ಕಂಟ್ರಾಕ್ಟರು ಐವತ್ತು ಸಾವಿರ ಹಿಡಿದುಕೊಂಡು ರಾತ್ರಿ ಬರುತ್ತಾನಲ್ಲ, ಅವನಿಗಿಂತ ಮೊದಲು ಈ ವಿಷಯ ತಲುಪಿಸಬೇಕಾದವರು ನಾವು. ಓದಿದ್ದು ಅದಕ್ಕೆ.

ಕೊನೆಯದು, ನಮ್ಮ ಶಾಸಕರು ಜಯಂತಿಗೆ ಹಾರ ಹಾಕಲು ಬಂದಾಗ ಹಾರದ ಜೊತೆ ಒಂದು ಪ್ರಶ್ನೆಯನ್ನೂ ಕೊಡಿ. 'ಸಾರ್, ಈ ಕ್ಷೇತ್ರದಲ್ಲಿ ಗುಂಡಿಗೆ ಇಳಿಯುವವರು ಎಷ್ಟು ಜನ? ಅವರ ಹೆಸರು ನಿಮಗೆ ಗೊತ್ತಾ?' ಉತ್ತರ ಬರಲಿಲ್ಲವಾದರೆ ಸಭೆ ಮುಂದುವರಿಯುವುದು ಬೇಡ. ಡಿ.ಜೆ. ನಿಲ್ಲಲಿ. ಆ ಮೌನವೇ ಬಾಬಾಸಾಹೇಬರಿಗೆ ದೊಡ್ಡ ಹಾರ.

ಆ ಪ್ರಶ್ನೆ ಕೇಳುವ ಯೋಗ್ಯತೆ ಬರಬೇಕಾದರೆ ಮೊದಲು ನಮಗೆ ಅವರ ಹೆಸರು ಗೊತ್ತಿರಬೇಕು. ನಾನು ಈ ತಿಂಗಳು ಆ ತಾಲೂಕು ಊರಿಗೆ ಹೋಗುತ್ತಿದ್ದೇನೆ. ಆ ಯಜಮಾನರನ್ನು ಹುಡುಕುತ್ತೇನೆ. ಬದುಕಿದ್ದರೆ ನನ್ನ ಊರು ಯಾವುದು, ನಮ್ಮಪ್ಪನ ಹೆಸರೇನು ಅಂತ ನಿಜ ಹೇಳುತ್ತೇನೆ. ಅವರ ಮನೆಯಲ್ಲಿ ಕೂತು, ಅವರ ಲೋಟದಲ್ಲಿ ನೀರು ಕುಡಿದು ಬರುತ್ತೇನೆ. ಕವಿತೆ ಆಮೇಲೆ.

ತಲೆಯ ಮೇಲಿನ ಮಂಕರಿಯನ್ನು ಒಬ್ಬ ಶಾಸಕ ಇಳಿಸಿದ. ಗುಂಡಿಯೊಳಗಿರುವ ಮನುಷ್ಯನನ್ನು ಎತ್ತುವುದು ನಮ್ಮ ಸರದಿ.

ಜೈ ಭೀಮ್.